ತೂಕ ಅಳತೆಗಳ ಏಕರೂಪತೆ: ಕಾಯಿದೆಯ ಚರಿತ್ರೆಯೂ ಹಳ್ಳಿಯ ರೂಢಿಯೂ

ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ತೂಕ ಅಳತೆಗಳ ವಿಚಾರವು ಹೊಸದೇನೂ ಅಲ್ಲ. ಬಿತ್ತನೆಯ ದಿನದಿಂದ ಹಿಡಿದು ಧಾನ್ಯವು ಮಂಡಿಯನ್ನು ಸೇರುವವರೆಗೆ ಅಳೆಯದೆ ನಡೆಯತಕ್ಕ ಕೆಲಸವು ವ್ಯವಸಾಯದಲ್ಲಿ ಬಹಳವಿಲ್ಲ. ಎಕರೆಗೆ ಎಷ್ಟು ಬೀಜ, ಎಷ್ಟು ಗೊಬ್ಬರ, ಎಷ್ಟು ಔಷಧ ಎಂಬುದನ್ನು ಈ ಪತ್ರಿಕೆಯು ತಿಂಗಳು ತಿಂಗಳೂ ತಿಳಿಸುತ್ತ ಬಂದಿದೆ. ಆದರೆ ಆ ಸಲಹೆಯನ್ನು ಅನುಸರಿಸಿ ಎಕರೆಗೆ ಒಂದು ಕ್ವಿಂಟಾಲು ಹೆಚ್ಚಾಗಿ ಬೆಳೆದ ರೈತನು ಆ ಹೆಚ್ಚಳವನ್ನು ತಕ್ಕಡಿಯ ಮುಂದೆ ನಿಂತು ಕಳೆದುಕೊಂಡು ಬರುವನಾದರೆ, ನಮ್ಮ ಉಪದೇಶದಿಂದ ಲಾಭವಾದುದು ಯಾರಿಗೆ ಎಂಬ ಪ್ರಶ್ನೆಯು ಏಳದೆ ಇರದು. ಆದುದರಿಂದ ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ಇರತಕ್ಕದ್ದೆಂಬ ನಿಯಮವು ನಮ್ಮಲ್ಲಿ ಹೇಗೆ ಬಂದಿತು, ಏಕೆ ಅಷ್ಟು ತಡವಾಯಿತು, ಬಂದ ಮೇಲೂ ಯಾವ ಸಂದಿಯಿಂದ ಹಳೆಯ ಅವ್ಯವಸ್ಥೆಯು ಮರಳಿ ಒಳಹೊಕ್ಕಿದೆ ಎಂಬುದನ್ನು ಇಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇನೆ. ಇದರಲ್ಲಿ ವರ್ತಕರಿಗೆ ಹಿತವಲ್ಲದ ಮಾತುಗಳು ಕೆಲವು ಬರುವುವು. ಜಮೀನುದಾರರಿಗೆ ಹಿತವಲ್ಲದ ಮಾತುಗಳೂ ಕೆಲವು ಬರುವುವು.

ರಾಜನು ತೂಕ ಅಳತೆಗಳನ್ನು ಪರೀಕ್ಷಿಸಬೇಕೆಂಬುದು ನಮ್ಮ ದೇಶದಲ್ಲಿ ಬಹು ಪುರಾತನವಾದ ಧರ್ಮ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ತಾಳೆಗರಿಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಕೆಲಸಕ್ಕೆಂದೇ ಒಬ್ಬ ಅಧ್ಯಕ್ಷನನ್ನು ಹೇಳಿದೆ. ತೂಕದ ಕಲ್ಲುಗಳನ್ನು ಕಬ್ಬಿಣದಿಂದಲಾಗಲಿ, ಮಗಧ ಮೇಕಲ ದೇಶಗಳ ಕಲ್ಲಿನಿಂದಲಾಗಲಿ, ಅಥವಾ ನೀರು ತಗುಲಿದರೆ ಹೆಚ್ಚದೆ ಬಿಸಿ ತಗುಲಿದರೆ ಕುಗ್ಗದೆ ಇರುವ ಪದಾರ್ಥದಿಂದಲಾಗಲಿ ಮಾಡತಕ್ಕದ್ದು. ನಾಲ್ಕು ತಿಂಗಳಿಗೊಮ್ಮೆ ಅವುಗಳನ್ನು ಪರೀಕ್ಷಿಸಿ ಮುದ್ರೆ ಹಾಕತಕ್ಕದ್ದು. ಮುದ್ರೆಯಿಲ್ಲದ್ದನ್ನು ಉಪಯೋಗಿಸಿದವನಿಗೆ ಇಪ್ಪತ್ತೇಳೂಕಾಲು ಪಣ ದಂಡ. ಇಷ್ಟನ್ನು ಓದಿದಾಗ ನಮಗೆ ಹೆಮ್ಮೆಯಾಗುವುದು ಸಹಜ. ಆದರೆ ಅದೇ ಪ್ರಕರಣದಲ್ಲಿ ಮತ್ತೊಂದು ಸಂಗತಿಯೂ ಇದೆ. ದ್ರೋಣವೆಂಬ ಅಳತೆಯು ಅಲ್ಲಿ ಒಂದಲ್ಲ, ನಾಲ್ಕು. ಅರಸನ ಬೊಕ್ಕಸಕ್ಕೆ ತೆಗೆದುಕೊಳ್ಳುವ ದ್ರೋಣಕ್ಕೆ ೨೦೦ ಪಲ, ವ್ಯಾಪಾರದ ದ್ರೋಣಕ್ಕೆ ೧೮೭½, ಸಂಬಳಗಾರರಿಗೆ ಕೊಡುವ ದ್ರೋಣಕ್ಕೆ ೧೭೫, ಅಂತಃಪುರಕ್ಕೆ ಅಳೆಯುವ ದ್ರೋಣಕ್ಕೆ ೧೬೨½. ತೆಗೆದುಕೊಳ್ಳುವಾಗ ದೊಡ್ಡದು, ಕೊಡುವಾಗ ಚಿಕ್ಕದು! ಈ ಭೇದವು ಬಹಿರಂಗವಾಗಿ ಶಾಸ್ತ್ರದಲ್ಲಿಯೇ ಬರೆದಿದ್ದುದರಿಂದ ಅದನ್ನು ಮೋಸವೆನ್ನಲಾಗದು. ಆದರೂ ಅಳತೆಯನ್ನು ಯಾರ ಕೈಯಲ್ಲಿ ಅಧಿಕಾರವಿದೆಯೋ ಅವರ ಅನುಕೂಲಕ್ಕೆ ತಕ್ಕಂತೆ ಹಿಗ್ಗಿಸುವ ಕುಗ್ಗಿಸುವ ಬುದ್ಧಿಯು ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅನ್ಯದೇಶಗಳಲ್ಲಿಯೂ ಇದೇ ಕಥೆ. ಇಂಗ್ಲೆಂಡಿನಲ್ಲಿ ೧೨೧೫ರ ಮಹಾಸನ್ನದಿನಲ್ಲಿಯೇ ರಾಜ್ಯಕ್ಕೆಲ್ಲ ಧಾನ್ಯದ ಅಳತೆ ಒಂದೇ ಇರತಕ್ಕದ್ದೆಂದು ಬರೆಯಿಸಿಕೊಂಡರು. ನಿಜವಾಗಿ ಏಕರೂಪವಾದ ಅಳತೆಗಳು ನೆಲೆಗೊಳ್ಳುವುದಕ್ಕೆ ೧೮೨೪ರ ಕಾಯಿದೆ ಬರಬೇಕಾಯಿತು. ಫ್ರಾನ್ಸಿನಲ್ಲಿ ೧೭೮೯ರಲ್ಲಿ ಪ್ರಜೆಗಳು ದೊರೆಗೆ ಒಪ್ಪಿಸಿದ ದೂರಿನ ಪಟ್ಟಿಗಳಲ್ಲಿ ಜಮೀನ್ದಾರರ ಅಳತೆಗಳ ಅನ್ಯಾಯವು ಮತ್ತೆ ಮತ್ತೆ ಕಾಣಿಸಿಕೊಂಡಿತು. ಅದರ ಫಲವಾಗಿಯೇ ೧೭೯೫ರಲ್ಲಿ ಮೀಟರು, ಗ್ರಾಮು, ಲೀಟರುಗಳ ದಶಮಾನ ಪದ್ಧತಿಯು ಹುಟ್ಟಿತು. ಅಲ್ಲಿಯೂ ಜನರು ಒಗ್ಗದೆ ಹೋದುದರಿಂದ ೧೮೧೨ರಲ್ಲಿ ನೆಪೋಲಿಯನ್ನನು ಹಳೆಯ ಹೆಸರುಗಳಿಗೆ ಮರಳಿ ಎಡೆಗೊಟ್ಟನು. ಕಡೆಗೆ ೧೮೪೦ನೆಯ ಇಸವಿಯ ಜನವರಿ ಒಂದರಿಂದ ಹೊಸ ಪದ್ಧತಿಯು ಕಡ್ಡಾಯವಾಯಿತು. ಅಂದರೆ, ಆ ಪದ್ಧತಿಯನ್ನು ಕಂಡುಹಿಡಿದ ದೇಶಕ್ಕೇ ಅದು ಮೈಗೂಡಲು ನಾಲ್ವತ್ತೈದು ವರ್ಷ ಬೇಕಾಯಿತು.

ಇನ್ನು ನಮ್ಮ ಹಳ್ಳಿಗಳ ಹಳೆಯ ಅಳತೆಗಳನ್ನು ನೋಡೋಣ. ಪಾವು, ಸೇರು, ಬಳ್ಳ, ಕೊಳಗ, ಖಂಡುಗ ಎಂಬ ಹೆಸರುಗಳು ನಾಡಿನ ಬಹುಭಾಗದಲ್ಲಿ ಒಂದೇ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕವೂ ಸಾಮಾನ್ಯವಾಗಿ ಒಂದೇ. ಆದರೆ ಕೊಳಗವು ಮಾತ್ರ ಊರಿಂದೂರಿಗೆ ಬೇರೆ. ೧೮೦೦-೦೧ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿ ವ್ಯವಸಾಯದ ಸ್ಥಿತಿಯನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಊರು ಬದಲಾದಂತೆಲ್ಲ ಅಲ್ಲಿಯ ಸೇರು ಕೊಳಗಗಳ ಪ್ರಮಾಣವನ್ನು ಹೊಸದಾಗಿ ವಿಚಾರಿಸಿ ಬರೆಯಬೇಕಾಯಿತು. ಹಾಗೆ ಮಾಡದಿದ್ದರೆ ಒಂದೂರಿನ ಇಳುವರಿಯನ್ನು ಮತ್ತೊಂದೂರಿನ ಇಳುವರಿಯೊಡನೆ ಹೋಲಿಸುವುದೇ ಆಗುತ್ತಿರಲಿಲ್ಲ. ಜಮೀನಿಗೂ ಅಂದು ಇದೇ ಅಳತೆ. ಒಂದು ಖಂಡುಗ ಬೀಜ ಬಿತ್ತುವಷ್ಟು ನೆಲಕ್ಕೆ ಖಂಡುಗದ ಗದ್ದೆ ಎಂದು ಹೆಸರು. ಬೀಜದ ಅಳತೆ ಬೇರೆಯಾದರೆ ಹೊಲವೂ ಬೇರೆ. ಒತ್ತಾಗಿ ಬಿತ್ತುವ ಸೀಮೆಯ ಖಂಡುಗವು ತೆಳುವಾಗಿ ಬಿತ್ತುವ ಸೀಮೆಯ ಖಂಡುಗಕ್ಕಿಂತ ಚಿಕ್ಕದು. ದಕ್ಷಿಣ ಕನ್ನಡದಲ್ಲಿ ಅಕ್ಕಿಯನ್ನು ಹುಲ್ಲಿನಿಂದ ಮುಡಿ ಕಟ್ಟಿ ಲೆಕ್ಕ ಹಾಕುತ್ತಿದ್ದರು. ಮುಡಿಗೆ ೪೨ ಸೇರೆಂಬುದು ಬಾಯಿಮಾತಿನ ಲೆಕ್ಕವಾದರೂ ಅದು ಎಲ್ಲೆಡೆಯೂ ಒಂದೇ ಆಗಿರಲಿಲ್ಲ.

ಪಾತ್ರೆಯಿಂದ ಅಳೆಯುವ ಕ್ರಮದಲ್ಲಿ ಪಾತ್ರೆಯು ಸರಿಯಾಗಿದ್ದರೂ ಮೋಸಕ್ಕೆ ಎಡೆಯುಂಟು. ಧಾನ್ಯವನ್ನು ಬಾಯಿಮಟ್ಟಕ್ಕೆ ಸವರಿ ಅಳೆಯುವುದು ಒಂದು ಬಗೆ. ಮೇಲೆ ರಾಶಿಯಾಗಿ ನಿಲ್ಲುವಂತೆ ಅಳೆಯುವುದು ಇನ್ನೊಂದು. ರಾಶಿಯ ಇಳಿಜಾರು ಎರಡಡಿಗೆ ಒಂದಡಿಯಂತೆ ನಿಲ್ಲುವುದೆಂದು ಇಟ್ಟುಕೊಂಡರೆ, ಎತ್ತರವೂ ಬಾಯಿಯ ಅಗಲವೂ ಸಮವಾಗಿರುವ ಗುಂಡು ಪಾತ್ರೆಯ ಮೇಲಿನ ರಾಶಿಯು ಪಾತ್ರೆಯೊಳಗಿನ ಧಾನ್ಯದ ಹನ್ನೆರಡರಲ್ಲೊಂದು ಭಾಗವಾಗುವುದು. ಅಷ್ಟೇ ಧಾನ್ಯ ಹಿಡಿಯುವ, ಆದರೆ ಎತ್ತರಕ್ಕೆ ಎರಡರಷ್ಟು ಅಗಲವಿರುವ ಪಾತ್ರೆಯ ಮೇಲೆ ಆರರಲ್ಲೊಂದು ಭಾಗ ನಿಲ್ಲುವುದು. ಸವರಿ ನೋಡಿದರೆ ಎರಡು ಪಾತ್ರೆಗಳೂ ಸಮ. ಸರ್ಕಾರದ ಮುದ್ರೆಯೂ ಎರಡಕ್ಕೂ ದೊರೆಯಬಹುದು. ರಾಶಿ ಅಳೆದರೆ ಮಾತ್ರ ನೂರಕ್ಕೆ ಎಂಟು ಪಾಲಿನ ಅಂತರ. ಹೀಗಿರಲು ಅಗಲಬಾಯಿಯ ಕೊಳಗವು ಯಾರ ಮನೆಯಲ್ಲಿತ್ತೆಂಬುದನ್ನು ವಾಚಕರು ಊಹಿಸಬಲ್ಲರು. ಧಾನ್ಯವನ್ನು ಮೇಲಿನಿಂದ ಸುರಿದರೆ ಒತ್ತಾಗಿ ಕೂರುವುದು, ಮೆಲ್ಲನೆ ತುಂಬಿದರೆ ಸಡಿಲವಾಗಿ ನಿಲ್ಲುವುದು, ಪಾತ್ರೆಯನ್ನು ಒಮ್ಮೆ ಕುಲುಕಿದರೆ ಮತ್ತಷ್ಟು ಹಿಡಿಯುವುದು. ಅಳೆಯುವವನ ಕೈಯಲ್ಲಿಯೇ ಹೀಗೆ ಮೂರು ವಿದ್ಯೆಗಳಿವೆ. ಈ ಕಾರಣದಿಂದಲೇ ಧಾನ್ಯವನ್ನು ಅಳೆಯುವುದಕ್ಕಿಂತ ತೂಗುವುದು ನ್ಯಾಯವಾದುದೆಂದು ನಮ್ಮ ಇಲಾಖೆಯವರು ಹೇಳುತ್ತ ಬಂದಿರುವುದು.

ತೂಕದಲ್ಲಿಯಾದರೂ ಏಕರೂಪವಿತ್ತೇ ಎಂದರೆ, ಅದೂ ಇರಲಿಲ್ಲ. ಮೈಸೂರು ಸೀಮೆಯ ಕಚ್ಚಾ ಸೇರಿಗೆ ೨೪ ರೂಪಾಯಿ ತೂಕ. ಅಂಥ ೪೦ ಸೇರಿನ ಮಣವು ಈಗಿನ ಲೆಕ್ಕದಲ್ಲಿ ಸುಮಾರು ೧೧.೨ ಕಿಲೋಗ್ರಾಮು. ರೈಲ್ವೆಯವರ ಮಣಕ್ಕಾದರೋ ೮೦ ತೊಲದ ೪೦ ಸೇರು, ಅಂದರೆ ೩೭.೩೨ ಕಿಲೋಗ್ರಾಮು. ಎರಡಕ್ಕೂ ಹೆಸರು ಮಣವೇ. ಬೆಲ್ಲವನ್ನು ಒಂದು ಮಣದ ಧಾರಣೆಯಲ್ಲಿ ಕೇಳಿ ಇನ್ನೊಂದು ಮಣದಲ್ಲಿ ತೂಗಿಕೊಟ್ಟ ರೈತನ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಗೊಂದಲಕ್ಕೆ ದೇಶಮಟ್ಟದ ಮೊದಲ ಚಿಕಿತ್ಸೆಯು ಬಂದದ್ದು ಟಂಕಸಾಲೆಯಿಂದ. ಬಂಗಾಳದ ೧೮೩೩ನೆಯ ಇಸವಿಯ ಏಳನೆಯ ರೆಗ್ಯುಲೇಷನ್ನಿನಲ್ಲಿ ೧೮೦ ಗ್ರೇನಿನ ತೊಲವನ್ನು ತೂಕಕ್ಕೆಲ್ಲ ಮೂಲವೆಂದು ಗೊತ್ತುಮಾಡಿದರು. ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್ ಎಂಬಾತನು ಈ ಸುಧಾರಣೆಯಲ್ಲಿ ಮುಖ್ಯನು. ಅಶೋಕನ ಶಾಸನಗಳ ಲಿಪಿಯನ್ನು ೧೮೩೭ರಲ್ಲಿ ಓದಿದವನೂ ಆತನೇ. ಬಳಿಕ ೧೮೩೫ರಲ್ಲಿ ಕಂಪನಿಯ ಆಡಳಿತಕ್ಕೆಲ್ಲ ೧೮೦ ಗ್ರೇನು ತೂಗುವ ಒಂದೇ ರೂಪಾಯಿಯನ್ನು ಅಚ್ಚುಹಾಕಿದರು. ಇದರಲ್ಲಿ ಒಂದು ಜಾಣತನವಿತ್ತು. ಕಾಯಿದೆಯನ್ನು ಓದದ ರೈತನ ಕೈಗೂ ಪ್ರಮಾಣದ ತೂಕವು ನಾಣ್ಯದ ರೂಪದಲ್ಲಿ ಬಂದು ಸೇರಿತು. ತಕ್ಕಡಿಯ ಒಂದು ತಟ್ಟೆಗೆ ರೂಪಾಯಿಗಳನ್ನು ಹಾಕಿ ಯಾವ ಸೇರನ್ನಾದರೂ ಪರೀಕ್ಷಿಸಬಹುದಾಗಿತ್ತು. ಸವೆದ ರೂಪಾಯಿಗಳಿಂದ ತೂಗಿದ ಸೇರೂ ಸವೆದ ಸೇರೇ ಎಂಬುದು ಮಾತ್ರ ಇದರ ಕೊರತೆ. ಅಂದಿನ ಇಂಡಿಯದ ಆಡಳಿತವು ಮಾಡಿದ ಕಾಯಿದೆಗಳೆಲ್ಲಕ್ಕಿಂತ ಈ ನಾಣ್ಯವೇ ತೂಕದ ಏಕರೂಪತೆಗೆ ಹೆಚ್ಚು ಕೆಲಸಮಾಡಿತೆಂದು ನಾನು ಎಣಿಸುತ್ತೇನೆ. ನಿಯಮವನ್ನು ಪರೀಕ್ಷಿಸುವ ಸಾಧನವು ಬಡವನ ಕೈಗೂ ಸಿಕ್ಕಿದರೆ ಆ ನಿಯಮವು ತಾನಾಗಿಯೇ ಹರಡುವುದು.

ಇದಕ್ಕೆ ವಿರುದ್ಧವಾದ ಉದಾಹರಣೆಯು ೧೮೭೦-೭೧ರದು. ಲಾರ್ಡ್ ಮೇಯೋ ವೈಸರಾಯನಾಗಿದ್ದಾಗ ೧೮೭೦ರಲ್ಲಿ ಒಂದು ಕಾಯಿದೆಯೂ, ಅದರ ಬದಲಿಗೆ ೧೮೭೧ರಲ್ಲಿ ಇನ್ನೊಂದು ಕಾಯಿದೆಯೂ ಆದುವು. ಫ್ರಾನ್ಸಿನ ಕಿಲೋಗ್ರಾಮಿಗೆ ಸಮನಾದ ತೂಕವನ್ನು ‘ಸೇರು’ ಎಂದು ಕರೆದು ಅದನ್ನೇ ಇಂಡಿಯಕ್ಕೆಲ್ಲ ಮೂಲಪ್ರಮಾಣವಾಗಿ ಇರಿಸಬೇಕೆಂಬುದು ಉದ್ದೇಶ. ಹೆಸರು ನಮ್ಮದು, ತೂಕ ಲೋಕದ್ದು. ಇದಕ್ಕಿಂತ ವಿವೇಕವಾದ ಏರ್ಪಾಡು ಬೇರೆ ಇರಲಾರದು. ಭಾರತ ಸರ್ಕಾರದಲ್ಲಿ ವ್ಯವಸಾಯಕ್ಕೆ ಸಂಬಂಧಪಟ್ಟ ಇಲಾಖೆಯು ಮೊದಲು ಸ್ಥಾಪಿತವಾದುದೂ ಅದೇ ೧೮೭೧ರಲ್ಲಿ. ಆದರೆ ಆ ಕಾಯಿದೆಯು ಕಾಗದದ ಮೇಲೆಯೇ ಉಳಿಯಿತು. ಯಾವ ಹಳ್ಳಿಗೂ ಆ ಹೊಸ ಸೇರು ಬರಲಿಲ್ಲ, ಯಾವ ಅಂಗಡಿಯ ಹಳೆಯ ಕಲ್ಲೂ ಹೊರಗೆ ಹೋಗಲಿಲ್ಲ. ಅಂದು ಅದು ನಡೆದಿದ್ದರೆ ನಮ್ಮ ಅಜ್ಜಂದಿರ ಕಾಲಕ್ಕೇ ಈ ಲೇಖನವು ಅನಾವಶ್ಯಕವಾಗುತ್ತಿತ್ತು.

ಮುಂದಿನ ಎಂಬತ್ತು ವರ್ಷಗಳ ಚರಿತ್ರೆಯನ್ನು ಬೇಗನೆ ಹೇಳಿ ಮುಗಿಸಬಹುದು, ಏಕೆಂದರೆ ಅದರಲ್ಲಿ ವರದಿಗಳು ಹೆಚ್ಚು, ಕಾರ್ಯವು ಕಡಿಮೆ. ೧೯೧೩ರಲ್ಲಿ ಸಿಲ್ಬರಾಡ್ ಎಂಬುವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಕವಾಗಿ, ತೊಲದ ಮೇಲೆ ನಿಂತ ರೈಲ್ವೆ ತೂಕವನ್ನೇ ದೇಶಕ್ಕೆಲ್ಲ ಅನ್ವಯಿಸಬೇಕೆಂದು ಸಲಹೆಮಾಡಿತು. ೧೯೨೮ರಲ್ಲಿ ವರದಿ ಒಪ್ಪಿಸಿದ ವ್ಯವಸಾಯದ ರಾಯಲ್ ಕಮಿಷನ್ನಿನವರು ಮಾರುಕಟ್ಟೆಗಳಲ್ಲಿ ರೈತನಿಗಾಗುವ ಅನ್ಯಾಯಗಳನ್ನು ವಿವರಿಸಿ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದರು. ಮುಂಬಯಿ ಪ್ರಾಂತದವರು ೧೯೩೨ರಲ್ಲಿ ತಮ್ಮದೇ ಒಂದು ಕಾಯಿದೆ ಮಾಡಿಕೊಂಡರು. ಕಡೆಗೆ ೧೯೩೯ರ ಪ್ರಮಾಣ ತೂಕಗಳ ಕಾಯಿದೆಯು ಬಂದು ೧೯೪೨ರ ಜುಲೈ ಒಂದರಿಂದ ಜಾರಿಯಾಯಿತು. ಇದರಲ್ಲಿ ತೊಲ, ಸೇರು, ಮಣಗಳ ಪ್ರಮಾಣವು ನಿಶ್ಚಯವಾಯಿತು. ಆದರೆ ಧಾನ್ಯ ಅಳೆಯುವ ಪಾತ್ರೆಗಳ ಮಾತೇ ಇರಲಿಲ್ಲ. ೧೯೩೫ರ ರಾಜ್ಯಾಂಗದ ಪ್ರಕಾರ ತೂಕದ ಪ್ರಮಾಣವನ್ನು ಗೊತ್ತುಮಾಡುವುದು ಕೇಂದ್ರಕ್ಕೂ, ಅಂಗಡಿಗೆ ಹೋಗಿ ಕಲ್ಲನ್ನು ಪರೀಕ್ಷಿಸುವುದು ಪ್ರಾಂತಗಳಿಗೂ ಸೇರಿದ್ದುದರಿಂದ, ಒಬ್ಬರು ಕಲ್ಲು ಮಾಡಿಟ್ಟರೆ ಇನ್ನೊಬ್ಬರು ಅದನ್ನು ಊರಿಗೆ ಹೊರಬೇಕು. ಹೊರುವವರಿಗೆ ಹಣವೂ ಇರಲಿಲ್ಲ, ಆತುರವೂ ಇರಲಿಲ್ಲ.

ಆದುದರಿಂದ ೧೯೫೬ರಲ್ಲಿ ಸ್ವತಂತ್ರ ಭಾರತದ ಪಾರ್ಲಿಮೆಂಟು ಮಾಡಿದ ತೂಕ ಮತ್ತು ಅಳತೆಗಳ ಪ್ರಮಾಣ ಕಾಯಿದೆಯನ್ನು ನಾನು ನಮ್ಮ ಹಳ್ಳಿಗಳ ಚರಿತ್ರೆಯಲ್ಲಿ ಬಹು ದೊಡ್ಡ ಸಂಗತಿಯೆಂದು ಭಾವಿಸುತ್ತೇನೆ. ನಮ್ಮ ರಾಜ್ಯದ ಮಟ್ಟಿಗೆ ಅದು ಬಂದ ಕಾಲವೂ ವಿಶೇಷವಾದುದು. ಅದೇ ೧೯೫೬ರ ನವೆಂಬರ್ ಒಂದರಂದು ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದು ಕರ್ನಾಟಕ, ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಕೊಡಗು ಇವೆಲ್ಲವೂ ಒಂದಾದುವು. ಒಂದೊಂದು ಸೀಮೆಯೂ ತನ್ನ ತನ್ನ ಸೇರು ಮಣಗಳನ್ನು ಹೊತ್ತುಕೊಂಡೇ ಒಳಗೆ ಬಂದಿತು. ಮಾತು ಒಂದೇ, ಅಳತೆ ಬೇರೆ ಬೇರೆ. ದಶಮಾನ ಪದ್ಧತಿಯು ಬಾರದೆ ಇದ್ದಿದ್ದರೆ, ಯಾವ ಸೀಮೆಯ ಸೇರು ರಾಜ್ಯದ ಸೇರಾಗಬೇಕೆಂಬುದೇ ಒಂದು ದೊಡ್ಡ ವ್ಯಾಜ್ಯವಾಗುತ್ತಿತ್ತೋ ಏನೋ. ಯಾರದೂ ಅಲ್ಲದ ಕಿಲೋಗ್ರಾಮು ಬಂದುದರಿಂದ ಯಾರಿಗೂ ಸೋಲಾಗಲಿಲ್ಲ.

ಆ ಕೆಲಸವನ್ನು ಹಂತಹಂತವಾಗಿ ನಡೆಸಿದ ಕ್ರಮವು ಮೆಚ್ಚತಕ್ಕದ್ದು. ಮೊದಲು ೧೯೫೭ರ ಏಪ್ರಿಲ್ ಒಂದರಿಂದ ರೂಪಾಯಿಗೆ ನೂರು ನಯಾ ಪೈಸೆಯ ನಾಣ್ಯ ಬಂದಿತು. ಹತ್ತರ ಲೆಕ್ಕವನ್ನು ಜನರು ಹಣದಲ್ಲಿ ಕಲಿತರು. ಆಮೇಲೆ ೧೯೫೮ರ ಅಕ್ಟೋಬರ್ ಒಂದರಿಂದ ಆಯ್ದ ವ್ಯಾಪಾರಗಳಲ್ಲಿಯೂ ಪ್ರದೇಶಗಳಲ್ಲಿಯೂ ಹೊಸ ತೂಕಗಳು ಪ್ರಾರಂಭವಾದುವು. ಕೆಲವು ಕಾಲ ಹಳೆಯದೂ ಹೊಸದೂ ಒಟ್ಟಿಗೆ ನಡೆಯಲು ಬಿಟ್ಟು, ೧೯೬೨ರ ವೇಳೆಗೆ ಹಳೆಯ ತೂಕಗಳನ್ನು ನಿಲ್ಲಿಸಿದರು. ಎಂಬತ್ತೈದು ವರ್ಷ ಆಗದ ಕೆಲಸವು ನಾಲ್ಕೈದು ವರ್ಷಗಳಲ್ಲಿ ಆಯಿತು. ಎಂಬತ್ತು ತೊಲದ ಸೇರಿಗೆ ೯೩೩ ಗ್ರಾಮು. ಕಿಲೋಗ್ರಾಮು ಅದಕ್ಕಿಂತ ನೂರಕ್ಕೆ ಏಳರಷ್ಟು ದೊಡ್ಡದು. ಸೇರಿನ ಧಾರಣೆಗೆ ಕಿಲೋಗ್ರಾಮು ಮಾರಿದವನು ಕೆಟ್ಟನು. ಕಿಲೋಗ್ರಾಮಿನ ಧಾರಣೆಗೆ ಸೇರು ತೂಗಿದವನು ಬದುಕಿದನು.

ತರುವಾಯ ೧೯೭೬ರಲ್ಲಿ ಕಾಯಿದೆಯನ್ನು ಪರಿಷ್ಕರಿಸಿದರು. ಅದೇ ವರ್ಷ ರಾಜ್ಯಾಂಗದ ತಿದ್ದುಪಡಿಯಿಂದ ಪರೀಕ್ಷೆಯ ಅಧಿಕಾರವು ಕೇಂದ್ರ ರಾಜ್ಯಗಳೆರಡಕ್ಕೂ ಸೇರಿತು. ೧೯೮೫ರಲ್ಲಿ ಜಾರಿಯ ಬಗೆಗೆ ಬೇರೊಂದು ಕಾಯಿದೆಯಾಯಿತು. ಈಗ ನಡೆಯುತ್ತಿರುವುದು ೨೦೦೯ರ ಕಾನೂನು ಮಾಪನಶಾಸ್ತ್ರ ಅಧಿನಿಯಮ. ಅದು ೨೦೧೧ರ ಏಪ್ರಿಲ್ ಒಂದರಿಂದ ಜಾರಿಯಲ್ಲಿದೆ. ದೇಶದ ಮೂಲ ಕಿಲೋಗ್ರಾಮು ೫೭ನೆಯ ಸಂಖ್ಯೆಯದಾಗಿ ದೆಹಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿದೆ. ೨೦೧೯ರ ಮೇ ೨೦ರಿಂದ ಕಿಲೋಗ್ರಾಮಿಗೆ ಲೋಹದ ಗುಂಡಿನ ಬದಲಾಗಿ ಪ್ರಕೃತಿಯ ಒಂದು ನಿಯತಾಂಕವನ್ನೇ ಆಧಾರವಾಗಿ ಲೋಕದ ರಾಷ್ಟ್ರಗಳೆಲ್ಲ ಅಂಗೀಕರಿಸಿವೆ. ಇದು ವಿಜ್ಞಾನಿಗಳಿಗೆ ಮಹತ್ವದ ವಿಷಯ. ನಮ್ಮ ತೊಂದರೆಯು ದೆಹಲಿಯ ಗುಂಡಿನಲ್ಲಿಲ್ಲ, ಸಂತೆಯ ತಕ್ಕಡಿಯಲ್ಲಿದೆ.

ಏಕರೂಪವಾದ ತೂಕವು ಬಂದು ಎರಡು ತಲೆಮಾರುಗಳಾದರೂ, ಹಳೆಯ ಕೊಳಗವು ಸತ್ತಿಲ್ಲವೆಂಬುದೇ ನನ್ನ ಅಭಿಪ್ರಾಯ. ಅದು ವೇಷ ಮರೆಸಿಕೊಂಡು ‘ಚೀಲ’ ಎಂಬ ಹೆಸರಿನಿಂದ ನಮ್ಮ ನಡುವೆಯೇ ಇದೆ. ಎಕರೆಗೆ ಎಷ್ಟು ಬೆಳೆದಿರಿ ಎಂದು ಯಾವ ರೈತರನ್ನಾದರೂ ಕೇಳಿದರೆ ಇಷ್ಟು ಚೀಲವೆಂದೇ ಉತ್ತರ. ಭತ್ತದ ಚೀಲಕ್ಕೆ ಒಂದು ಸೀಮೆಯಲ್ಲಿ ೭೫ ಕಿಲೋಗ್ರಾಮು, ಇನ್ನೊಂದರಲ್ಲಿ ೬೦. ಈರುಳ್ಳಿ, ಆಲೂಗೆಡ್ಡೆಯ ಚೀಲಗಳಿಗೆ ಚೀಲ ಹೊಲಿದವನೇ ಪ್ರಮಾಣ. ಗೊಬ್ಬರದ ವಿಷಯದಲ್ಲಿ ಇದರ ಹಾನಿಯು ಸ್ಪಷ್ಟವಾಗಿ ಕಾಣುವುದು. ಯೂರಿಯಾ ಚೀಲವು ಮೊದಲು ೫೦ ಕಿಲೋಗ್ರಾಮಿನದಾಗಿತ್ತು. ೨೦೧೮ರಿಂದ ೪೫ ಕಿಲೋಗ್ರಾಮಿನದಾಗಿದೆ. ಯೂರಿಯಾದಲ್ಲಿ ನೂರಕ್ಕೆ ೪೬ ಪಾಲು ಸಾರಜನಕವಿರುವುದರಿಂದ ಹಳೆಯ ಚೀಲದಲ್ಲಿ ೨೩ ಕಿಲೋಗ್ರಾಮು ಸಾರಜನಕವಿದ್ದರೆ ಹೊಸದರಲ್ಲಿರುವುದು ೨೦.೭. ಎಕರೆಗೆ ಎರಡು ಚೀಲವೆಂದು ತಂದೆಯ ಕಾಲದ ಲೆಕ್ಕದಂತೆ ಹಾಕುವವರ ಹೊಲಕ್ಕೆ ನಾಲ್ಕೂವರೆ ಕಿಲೋಗ್ರಾಮಿಗೂ ಹೆಚ್ಚು ಸಾರಜನಕವು ಕಡಿಮೆಯಾಗಿ ಬೀಳುವುದು. ಚೀಲದ ಮೇಲೆ ತೂಕವನ್ನು ಅಚ್ಚುಹಾಕಿರುವುದರಿಂದ ಇದನ್ನು ಮೋಸವೆನ್ನಲು ಬರುವುದಿಲ್ಲ. ಚೀಲವನ್ನೇ ಅಳತೆಯೆಂದು ತಿಳಿಯುವ ರೂಢಿಯಿಂದ ಬಂದ ನಷ್ಟವಿದು.

ಎರಡನೆಯದು, ತೂಕವಾದ ಮೇಲೆ ತೂಕವನ್ನು ಕಳೆಯುವ ಪದ್ಧತಿ. ಕೆಲವು ಕಡೆ ಇದನ್ನು ‘ಸೂಟು’ ಎನ್ನುವರು. ಧೂಳಿಗೆ, ಒಣಗುವುದಕ್ಕೆ, ಚೀಲದ ಭಾರಕ್ಕೆ ಎಂದು ಕ್ವಿಂಟಾಲಿಗೆ ಒಂದೋ ಎರಡೋ ಕಿಲೋಗ್ರಾಮು ಬಿಟ್ಟು ಲೆಕ್ಕ ಹಾಕುವುದು ಇದರ ಸ್ವರೂಪ. ಕ್ವಿಂಟಾಲಿಗೆ ಎರಡು ಕಿಲೋಗ್ರಾಮಿನಂತೆ ಐವತ್ತು ಕ್ವಿಂಟಾಲು ಮೆಕ್ಕೆಜೋಳ ಮಾರಿದವನು ಒಂದು ಕ್ವಿಂಟಾಲನ್ನು ಬಿಟ್ಟಿಯಾಗಿ ಕೊಟ್ಟು ಬಂದಂತಾಯಿತು. ತೇವಕ್ಕಾಗಿ ಕಳೆಯುವುದರಲ್ಲಿ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ನೂರಕ್ಕೆ ೨೦ ಪಾಲು ತೇವವಿರುವ ನೂರು ಕಿಲೋಗ್ರಾಮು ಭತ್ತವು ೧೭ ಪಾಲಿಗೆ ಒಣಗಿದಾಗ ೩.೬ ಕಿಲೋಗ್ರಾಮು ಕಡಿಮೆಯಾಗುವುದು ನಿಜ. ಆದರೆ ತೇವವನ್ನು ಯಂತ್ರದಿಂದ ಪರೀಕ್ಷಿಸಿ ಧಾರಣೆಯಲ್ಲಿ ಅದಕ್ಕೆ ತಕ್ಕಂತೆ ಹೇಳುವುದು ವ್ಯಾಪಾರ; ಒಣ ಧಾನ್ಯಕ್ಕೂ ಹಸಿ ಧಾನ್ಯಕ್ಕೂ ಒಂದೇ ಸಮನಾಗಿ ಎರಡು ಕಿಲೋಗ್ರಾಮು ಬಿಡಿಸಿಕೊಳ್ಳುವುದು ವ್ಯಾಪಾರವಲ್ಲ. ಇದರಿಂದ ಚೆನ್ನಾಗಿ ಒಣಗಿಸಿ ತೂರಿ ತಂದವನಿಗೇ ಹೆಚ್ಚು ನಷ್ಟ. ಆಮೇಲೆ ಯಾರು ಒಣಗಿಸಿ ತಂದಾರು?

ವಾಚಕರು ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇನೆ. ೨೦೦೯ರ ಅಧಿನಿಯಮದ ೧೨ನೆಯ ಪ್ರಕರಣದ ಪ್ರಕಾರ, ಒಪ್ಪಂದದಲ್ಲಿ ಹೇಳಿದ ತೂಕ ಅಥವಾ ಅಳತೆಗಿಂತ ಹೆಚ್ಚಾಗಿಯೋ ಕಡಿಮೆಯಾಗಿಯೋ ಕೇಳುವ, ತೆಗೆದುಕೊಳ್ಳುವ ಯಾವ ರೂಢಿಯೂ ಪದ್ಧತಿಯೂ ಅಸಿಂಧು. ‘ಇದು ಈ ಮಂಡಿಯ ಹಿಂದಿನಿಂದ ಬಂದ ವಾಡಿಕೆ’ ಎಂಬ ಉತ್ತರಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಈ ಪ್ರಕರಣವನ್ನು ಬಲ್ಲ ರೈತರು ನೂರಕ್ಕೆ ಒಬ್ಬರಾದರೂ ಇರುವರೋ ಎಂಬುದು ನನಗೆ ಸಂಶಯ. ಮುಖಂಡರಾದವರು ಇದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ದೊಡ್ಡ ಉಪಕಾರವಾಗುವುದು. ಒಬ್ಬ ರೈತನು ಮಂಡಿಯಲ್ಲಿ ನಿಂತು ವಾದಿಸಿದರೆ ಅವನ ಮಾಲು ಸಂಜೆಯವರೆಗೆ ಬಿಸಿಲಿನಲ್ಲಿ ಬಿದ್ದಿರುವುದು. ಒಂದೂರಿನವರೆಲ್ಲ ಒಟ್ಟಾಗಿ ಬರಹದ ಮೂಲಕ ಮಾರುಕಟ್ಟೆ ಸಮಿತಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಗೂ ತಿಳಿಸಿದರೆ ಹಾಗಾಗದು.

ಎಲ್ಲ ಹಳೆಯ ಅಳತೆಗಳೂ ಕೆಟ್ಟವೆಂದು ನಾನು ಹೇಳುತ್ತಿಲ್ಲವೆಂಬುದಕ್ಕೆ ಎಕರೆ ಗುಂಟೆಗಳೇ ಸಾಕ್ಷಿ. ಹೆಕ್ಟೇರು ಬಂದು ಇಷ್ಟು ಕಾಲವಾದರೂ ನಮ್ಮ ಪಹಣಿಗಳಲ್ಲಿ ಎಕರೆ ಗುಂಟೆಗಳೇ ನಡೆಯುತ್ತಿವೆ. ಇದರಿಂದ ಯಾರಿಗೂ ತೂಕದಲ್ಲಾದಂಥ ಅನ್ಯಾಯವಾಗಿಲ್ಲ. ಏಕೆಂದರೆ ಗುಂಟೆಯೆಂದರೆ ೩೩ ಅಡಿ ಉದ್ದ ೩೩ ಅಡಿ ಅಗಲ, ನಾಲ್ವತ್ತು ಗುಂಟೆಗೆ ಒಂದು ಎಕರೆ ಎಂಬುದು ರಾಜ್ಯಕ್ಕೆಲ್ಲ ಒಂದೇ. ಮೋಜಣಿಯವರ ಸರಪಣಿಯು ಬಡವನ ಹೊಲದಲ್ಲಿಯೂ ಬಲ್ಲಿದನ ಹೊಲದಲ್ಲಿಯೂ ಒಂದೇ ಉದ್ದ. ಅಳತೆಯ ಹೆಸರು ಹಳೆಯದೋ ಹೊಸದೋ ಎಂಬುದು ಮುಖ್ಯವಲ್ಲ, ಅದನ್ನು ಪರೀಕ್ಷಿಸುವವರುಂಟೇ ಎಂಬುದು ಮುಖ್ಯ. ಹೂವಾಡಗಿತ್ತಿಯು ಇಂದಿಗೂ ಮೊಳದಿಂದ ಅಳೆಯುತ್ತಾಳೆ. ಕೊಳ್ಳುವವರು ಉದ್ದಗೈಯವಳನ್ನು ಹುಡುಕಿ ಹೋಗುತ್ತಾರೆ. ಅಲ್ಲಿ ಅಳತೆಗೋಲು ಇಬ್ಬರ ಕಣ್ಣೆದುರಿಗೇ ಇರುವುದರಿಂದ ಜಗಳವಿಲ್ಲ.

ಇನ್ನು ಜಮೀನುದಾರರಿಗೆ ಹಿತವಲ್ಲದ ಮಾತು. ಹಿಂದೆ ಅನೇಕ ದೊಡ್ಡ ಮನೆಗಳಲ್ಲಿ ಎರಡು ಕೊಳಗಗಳಿದ್ದುವು: ಗೇಣಿ ತೆಗೆದುಕೊಳ್ಳುವುದಕ್ಕೆ ಒಂದು, ಕೂಲಿ ಕೊಡುವುದಕ್ಕೆ ಒಂದು. ೧೯೭೪ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯು ಹೋಯಿತು, ಅದರೊಡನೆ ಮೊದಲನೆಯ ಕೊಳಗವೂ ಹೋಯಿತು. ಎರಡನೆಯದು ಇನ್ನೂ ಕೆಲವು ಕಡೆ ಉಳಿದಿದೆ. ಧಾನ್ಯರೂಪದ ಕೂಲಿಯು ಬಹಳ ಕಡಿಮೆಯಾಗಿದ್ದರೂ, ಸುಗ್ಗಿಯಲ್ಲಿ ಕಣದಿಂದಲೇ ಅಳೆದು ಕೊಡುವ ವಾಡಿಕೆಯು ಪೂರ್ತಿಯಾಗಿ ನಿಂತಿಲ್ಲ. ಅಲ್ಲಿ ಬಳಕೆಯಾಗುವುದು ಮುದ್ರೆ ಕಾಣದ ತಗಡಿನ ಡಬ್ಬಿ, ಇಲ್ಲವೆ ಅಜ್ಜನ ಕಾಲದ ಸೇರು. ಮಂಡಿಯಲ್ಲಿ ವರ್ತಕನು ಎರಡು ಕಿಲೋಗ್ರಾಮು ಕಳೆದನೆಂದು ದೂರುವ ನಾವು, ನಮ್ಮ ಕಣದಲ್ಲಿ ಕೂಲಿಯವಳ ಮೊರಕ್ಕೆ ಬೀಳುವ ರಾಗಿಯನ್ನು ಎಂದಾದರೂ ತೂಗಿ ನೋಡಿದ್ದೇವೆಯೇ? ಅವಳಿಗೂ ಅದೇ ೧೨ನೆಯ ಪ್ರಕರಣವು ಅನ್ವಯಿಸುವುದು. ತನ್ನ ಕಣದಲ್ಲಿ ಸರಿಯಾದ ತಕ್ಕಡಿಯನ್ನು ಇಡದ ಯಜಮಾನನು ಮಂಡಿಯಲ್ಲಿ ಸರಿಯಾದ ತಕ್ಕಡಿಯನ್ನು ಕೇಳಿದರೆ ಅವನ ಮಾತಿನಲ್ಲಿ ಬಲವಿರುವುದಿಲ್ಲ. ಕೇಳುವವರೂ ಊರಿನವರೇ, ಅವರಿಗೆ ಎಲ್ಲವೂ ಗೊತ್ತು.

ತಪ್ಪು ತೂಕವು ಮಾರಾಟದಲ್ಲಿ ಮಾತ್ರವಲ್ಲ, ಇಳುವರಿಯ ಲೆಕ್ಕದಲ್ಲಿಯೂ ಕೆಡಕು ಮಾಡುವುದು. ಬೆಳೆ ಕಟಾವಿನ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಐದು ಮೀಟರು ಉದ್ದ, ಐದು ಮೀಟರು ಅಗಲದ ತಾಕಿನ ಬೆಳೆಯನ್ನು ಕೊಯ್ದು ತೂಗುತ್ತೇವೆ. ಹೆಕ್ಟೇರೆಂದರೆ ಅಂಥ ನಾನೂರು ತಾಕು. ತಕ್ಕಡಿಯು ನೂರು ಗ್ರಾಮು ತಪ್ಪಿದರೆ ಹೆಕ್ಟೇರಿನ ಇಳುವರಿಯು ನಾಲ್ವತ್ತು ಕಿಲೋಗ್ರಾಮು ತಪ್ಪುವುದು. ಬೆಳೆವಿಮೆಯ ಪರಿಹಾರವು ಈ ಅಂಕಿಯನ್ನೇ ಅವಲಂಬಿಸಿರುವುದರಿಂದ, ಊರಿನವರು ಪ್ರಯೋಗದ ದಿನ ಹೊಲದಲ್ಲಿ ಹಾಜರಿದ್ದು, ನಮ್ಮ ಇಲಾಖೆಯವರು ತಂದ ತಕ್ಕಡಿಯ ಮುದ್ರೆಯನ್ನೂ ನೋಡಿಕೊಳ್ಳಬಹುದು. ಇದರಿಂದ ನಮ್ಮವರಿಗೆ ಬೇಸರವಾಗಲು ಕಾರಣವಿಲ್ಲ.

ಆಗತಕ್ಕ ಕೆಲಸವು ದೊಡ್ಡದಲ್ಲ. ಈಗಿನ ನಿಯಮಗಳ ಪ್ರಕಾರ ಕಬ್ಬಿಣದ ಬಟ್ಟುಗಳನ್ನೂ ಅಳತೆಯ ಪಾತ್ರೆಗಳನ್ನೂ ೨೪ ತಿಂಗಳಿಗೊಮ್ಮೆ, ವಿದ್ಯುತ್ತಿನ ತಕ್ಕಡಿಗಳನ್ನೂ ಲಾರಿ ತೂಗುವ ವೇಬ್ರಿಡ್ಜುಗಳನ್ನೂ ೧೨ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಕೌಟಿಲ್ಯನ ನಾಲ್ಕು ತಿಂಗಳಿಗೆ ಹೋಲಿಸಿದರೆ ಇದು ಉದಾರವಾದ ಅವಧಿಯೇ ಸರಿ. ಪರೀಕ್ಷೆಯ ಪ್ರಮಾಣಪತ್ರವನ್ನು ಅಂಗಡಿಯವರು ಕಾಣುವಂತೆ ತೂಗಹಾಕಿರಬೇಕು. ಅದರಲ್ಲಿ ತಾರೀಖನ್ನು ಓದುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಬಟ್ಟಿನ ತಳದ ಕುಳಿಯಲ್ಲಿ ಸೀಸವನ್ನು ತುಂಬಿ ಅದರ ಮೇಲೆ ಮುದ್ರೆ ಒತ್ತಿರುವರು. ಆ ಸೀಸವು ಕೆರೆದಂತೆ ಕಂಡರೆ, ಅಥವಾ ಕುಳಿಯು ಬರಿದಾಗಿದ್ದರೆ, ಆ ಬಟ್ಟಿನಿಂದ ತೂಗಿಸಕೂಡದು.

ಇದಕ್ಕಿಂತ ಮುಖ್ಯವಾದುದು, ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಾಗಲಿ ಸಹಕಾರ ಸಂಘದಲ್ಲಾಗಲಿ ಮುದ್ರೆಯುಳ್ಳ ಒಂದು ತಕ್ಕಡಿಯನ್ನು ಊರಿನ ಸ್ವತ್ತಾಗಿ ಇಡುವುದು. ನೂರು ಐವತ್ತು ಕಿಲೋಗ್ರಾಮು ತೂಗುವಂಥದು ಒಂದಿದ್ದರೆ ಸಾಕು. ಮಂಡಿಗೆ ಹೊರಡುವ ಚೀಲಗಳನ್ನು ಊರಿನಲ್ಲಿಯೇ ಒಮ್ಮೆ ತೂಗಿ, ಬರಿಯ ಚೀಲವನ್ನೂ ಬೇರೆಯಾಗಿ ತೂಗಿ, ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಳುಹಿಸಬೇಕು. ಗೋಣಿಯ ಭಾರವು ಎಷ್ಟೆಂಬುದನ್ನು ನಾವೇ ಬರೆದುಕೊಂಡು ಹೋದಾಗ ಅದರ ನೆಪದಿಂದ ಎರಡು ಕಿಲೋಗ್ರಾಮು ಕಳೆಯುವುದು ಸುಲಭವಾಗುವುದಿಲ್ಲ. ಅದೇ ತಕ್ಕಡಿಯನ್ನು ಸುಗ್ಗಿಯಲ್ಲಿ ಕಣಕ್ಕೆ ತಂದು ಕೂಲಿಯನ್ನೂ ತೂಗಿ ಕೊಡಬಹುದು. ಧಾನ್ಯವನ್ನು ಇಷ್ಟು ಚೀಲವೆಂದು ಮಾತನಾಡದೆ ಇಷ್ಟು ಕ್ವಿಂಟಾಲೆಂದು ಮಾತನಾಡುವ ಅಭ್ಯಾಸವನ್ನು ಈ ಸುಗ್ಗಿಯಿಂದಲೇ ಪ್ರಾರಂಭಿಸುವ ಊರುಗಳವರು, ತಕ್ಕಡಿಗೆ ಮುದ್ರೆ ಹಾಕಿಸಲು ಬೇಕಾದ ಅರ್ಜಿಯ ವಿಚಾರದಲ್ಲಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ನಮ್ಮವರನ್ನು ಕಂಡರೆ ಆಗತಕ್ಕ ಸಹಾಯವನ್ನು ಮಾಡುವೆವು.